ಹಾಸನದವರು ಬಾಯಿ ಬಿಡಲಿಲ್ಲ

ನಮ್ಮ ಕಡೆ ಬಸುರಿ ಹೆಂಗಸು ಆಸ್ಪತ್ರೆಗೆ ಒಬ್ಬಳೇ ಹೋಗುವುದು ಅಂತ ಇಲ್ಲ. ಅತ್ತೆ ಜೊತೆಗೆ ಹೊರಡುತ್ತಾಳೆ. ತವರಿನ ಕಡೆಯವರು ಯಾರಾದರೂ ಬಸ್‌ಸ್ಟ್ಯಾಂಡಿನಲ್ಲಿ ಬಂದು ಸೇರಿಕೊಳ್ಳುತ್ತಾರೆ. ಡಾಕ್ಟರ ಮುಂದೆ ಕೂತ ಮೇಲೆ ಬಸುರಿಗೆ ಮಾತಾಡುವ ಕೆಲಸವೇ ಇರುವುದಿಲ್ಲ. “ವಾಂತಿ ಆಗುತ್ತಾ?” ಅಂದರೆ ಅತ್ತೆ, “ಆಯ್ತದೆ ಸಾ, ಎದ್ದ ತಕ್ಷಣ ಆಯ್ತದೆ” ಅನ್ನುತ್ತಾಳೆ. “ಊಟ ಸೇರುತ್ತಾ?” ಅಂದರೆ ತವರಿನವರು, “ಮೊದಲಿಂದಲೂ ಇವಳು ತಿನ್ನೋದು ಕೋಳಿ ಕೆದಕಿದಷ್ಟೇ ಸಾ” ಅನ್ನುತ್ತಾರೆ. ಬಸುರಿ ನಡುವೆ ಕೂತು ಗೋಡೆಯ ಮೇಲಿನ ಮಗುವಿನ ಪಟ ನೋಡುತ್ತಿರುತ್ತಾಳೆ. ಇದರಲ್ಲಿ ಯಾರಿಗೂ ಕೆಟ್ಟ ಬುದ್ಧಿಯಿಲ್ಲ. ಅಕ್ಕರೆಯೇ ಹಾಗೆ ಬಾಯಿಗೆ ಬರುತ್ತದೆ.

ನನ್ನ ಅಕ್ಕನ ಮಗಳು ಬಸುರಿಯಾದಾಗಲೂ ಹೀಗೇ ಮೂವರು ಹೊರಟೆವು. ಅವಳ ತವರು ಅರಕಲಗೂಡಿನ ಹತ್ತಿರದ ಹಳ್ಳಿ, ಕೊಟ್ಟಿರುವುದು ದಂಡಿಗನಹಳ್ಳಿ ಆಚೆಯ ಒಂದು ಬೇಸಾಯದ ಮನೆಗೆ. ನನ್ನ ಅಕ್ಕನಿಗೆ ಮಂಡಿನೋವು, ಬಸ್ ಹತ್ತಲಾರಳು. ಹಾಗಾಗಿ ತವರಿನ ಪಾಳಿ ಹೊಳೆನರಸೀಪುರದಲ್ಲಿರುವ ನನಗೆ, ಅವಳ ಚಿಕ್ಕಮ್ಮನಿಗೆ, ಬಿತ್ತು. ಚನ್ನರಾಯಪಟ್ಟಣದ ಆಸ್ಪತ್ರೆಯಲ್ಲಿ ಬೀಗಿತ್ತಿ, ಅಂದರೆ ಹುಡುಗಿಯ ಅತ್ತೆ, ಅವಳನ್ನು ಕರೆತಂದು ಆಗಲೇ ಬೆಂಚು ಹಿಡಿದು ಕೂತಿದ್ದಳು.

ಅಲ್ಲಿ ಮೂಲೆಯ ಕೋಣೆಯಲ್ಲಿ ಬಸುರಿಯರ ಆರೋಗ್ಯದ ಒಂದು ಕಾರ್ಯಕ್ರಮದವರು ಕೂತಿದ್ದರು. ಆಫೀಸು ಹಾಸನದಲ್ಲಿ. ನಮ್ಮ ಸುತ್ತಿನ ನಾಲ್ಕು ತಾಲ್ಲೂಕಿನ ಹಳ್ಳಿಗಳಿಗೆ ಅವರ ಹೆಣ್ಣುಮಕ್ಕಳು ಓಡಾಡುತ್ತಿದ್ದರು. ಹೆಸರು ಬರೆಸಿದವರನ್ನು ಹೆರಿಗೆಯ ತನಕ ವಿಚಾರಿಸಿಕೊಳ್ಳುವುದು, ತಪಾಸಣೆ ತಪ್ಪದ ಹಾಗೆ ನೆನಪಿಸುವುದು, ತೊಂದರೆ ಇದ್ದರೆ ದೊಡ್ಡ ಡಾಕ್ಟರ ಹತ್ತಿರ ಕಳಿಸುವುದು ಅವರ ಕೆಲಸ. ಕೂತಿದ್ದವಳು ಚಿಕ್ಕ ವಯಸ್ಸಿನವಳು, ಹತ್ತಿ ಸೀರೆ, ಕೊರಳಲ್ಲಿ ಗುರುತಿನ ಕಾರ್ಡು. ನಾವು ಮೂವರೂ ಒಳಗೆ ನುಗ್ಗಿದ್ದೇ ಬೀಗಿತ್ತಿ ಶುರುಮಾಡಿದಳು: “ಬರ್ಕೊ ತಾಯಿ, ನಮ್ಮನೆ ಸೊಸೆ, ಮೊದಲ್ನೇ ಬಸುರಿ, ಯಾವ ಕಾಯಿಲೆನೂ ಇಲ್ಲ...”

ಆಕೆ ಪೆನ್ನು ಮುಟ್ಟಲೇ ಇಲ್ಲ. ನಕ್ಕು, “ಅಮ್ಮಾ, ನೀವಿಬ್ರೂ ಸ್ವಲ್ಪ ಹೊರಗೆ ಕೂತಿರಿ. ಇವರ ಹತ್ರ ಒಬ್ಬರ ಹತ್ರಾನೇ ಮಾತಾಡ್ಬೇಕು” ಅಂದಳು.

“ನಾವಿದ್ರೆ ಏನಾಯ್ತದೆ?”

“ಏನೂ ಆಗಲ್ಲಮ್ಮ. ಎಲ್ಲರ ಮನೆಯವರಿಗೂ ಇದೇ ಮಾತು ಹೇಳ್ತೀವಿ.”

ಬಾಗಿಲು ಹಾಕಿಕೊಂಡಿತು. ಬೆಂಚಿನ ಮೇಲೆ ಬೀಗಿತ್ತಿ ಕುದಿಯತೊಡಗಿದಳು. “ಅಲ್ಲಾ ಕಣವ್ವ, ನಮ್ಮನೆ ಸೊಸೆ ತಾವ ನಮಗೇನ್ ಮುಚ್ಚುಮರೆ? ಅವಳಿಗೆ ಎಣ್ಣೆ ನೀರು ಉಯ್ಯೋಳು ನಾನು. ನನ್ನನ್ನೇ ಆಚೆಗೆ ಅಟ್ಬುಟ್ಳಲ್ಲ!” ನಾನು ಹೂಂ ಅಂದೆ. ಕೈ ಮಾತ್ರ ಸೆರಗಿನ ತುದಿ ಹಿಂಡುತ್ತಿತ್ತು.

ಕಾರಣ ಇತ್ತು. ನಮ್ಮ ಹುಡುಗಿಗೆ ಸ್ಕೂಲಿಗೆ ಹೋಗುವಾಗಿನಿಂದ ಮೂರ್ಛೆ ಬರುತ್ತಿತ್ತು. ಮಾತ್ರೆಯಿಂದ ಹತೋಟಿಗೆ ಬಂದು, ವರ್ಷಗಟ್ಟಲೆ ಒಮ್ಮೆಯೂ ಬಂದಿರಲಿಲ್ಲ. ಆದರೆ ಮಾತ್ರೆ ನಿಲ್ಲಿಸುವ ಹಾಗಿರಲಿಲ್ಲ. ಹೆಣ್ಣು ಕೊಡುವಾಗ ನಮ್ಮ ಕಡೆಯವರು ಈ ಮಾತು ಎತ್ತಲಿಲ್ಲ. ಮದುವೆಯಾದ ಮೇಲೆ ಅವಳೇ ಗಂಡನಿಗೆ ಹೇಳಿದಳು. ಅವನು ಒಳ್ಳೆಯವನು, “ಆಯ್ತು ಬುಡು, ಅಮ್ಮಂಗೆ ಮಾತ್ರ ಯೋಳ್ಬೇಡ” ಅಂದಿದ್ದ. ಈಗ ಬಸುರಿಯಾದ ಮೇಲೆ, ಮಾತ್ರೆ ಮಗುವಿಗೆ ಆಗುವುದಿಲ್ಲವೇನೋ ಅಂತ ಹೆದರಿ ತಾನೇ ನಿಲ್ಲಿಸಿಬಿಟ್ಟಿದ್ದಳು. ಅವತ್ತು ಬೆಳಿಗ್ಗೆ ಅದೇ ಬೆಂಚಿನಲ್ಲಿ, ಅತ್ತೆ ಎಲೆಅಡಿಕೆ ತರಲು ಹೋದಾಗ ನನ್ನ ಕಿವಿಯಲ್ಲಿ ಹೇಳಿದ್ದಳು. ಒಳಗೆ ಈ ಮಾತು ಹೇಳದೆ ಬಂದರೆ ತಾಯಿ, ಮಗು ಇಬ್ಬರಿಗೂ ಅಪಾಯ. ಹೇಳಿದರೆ ಊರೆಲ್ಲ ಸುತ್ತಿ ಬೀಗಿತ್ತಿಯ ಕಿವಿಗೆ ಬಿದ್ದು, ಹುಡುಗಿ ಆ ಮನೆಯಲ್ಲಿ ತಲೆ ಎತ್ತುವ ಹಾಗಿಲ್ಲ. ನಾನು ಆ ಬಾಗಿಲನ್ನೇ ನೋಡುತ್ತಾ ಕೂತೆ.

ಹೊರಗೆ ಬಂದವಳ ಮುಖ ತಿಳಿಯಾಗಿತ್ತು. ಬೀಗಿತ್ತಿ ರಕ್ತಪರೀಕ್ಷೆಯ ಚೀಟಿ ಹಿಡಿದು ಸಾಲಿನಲ್ಲಿ ನಿಂತಾಗ ಹುಡುಗಿ ನನಗೆ ಪಿಸುಗುಟ್ಟಿದಳು. ಒಳಗಿದ್ದ ಆಕೆ ಪ್ರಶ್ನೆ ಕೇಳುವ ಮೊದಲೇ ಎಲ್ಲ ಹೇಳಿದಳಂತೆ: ಏನೇನು ಕೇಳುತ್ತೇವೆ, ಯಾಕೆ ಕೇಳುತ್ತೇವೆ, ಯಾರು ನೋಡುತ್ತಾರೆ, ಯಾವ ಪ್ರಶ್ನೆ ಬೇಡ ಅನಿಸಿದರೂ ಬಿಡಬಹುದು, ನಾಳೆ ಮನಸ್ಸು ಬದಲಾದರೆ ಹೆಸರು ತೆಗೆಸಬಹುದು. ಉತ್ತರಗಳ ಮೇಲೆ ಹೆಸರಿನ ಬದಲು ಬರೀ ಒಂದು ನಂಬರು. ಹೆಸರಿರುವುದು ಬೇರೆ ಕಡೆ, ಬೀಗದೊಳಗೆ. “ನಾನು ಎಲ್ಲಾ ಹೇಳ್ಬಿಟ್ಟೆ ಚಿಕ್ಕಮ್ಮ. ಅವರು ಬೈಲಿಲ್ಲ. ‘ಇದನ್ನ ಹಾಸನದ ಡಾಕ್ಟರಿಗೆ ಮಾತ್ರ ಹೇಳ್ಲಾ, ಒಪ್ಪಿಗೆ ಇದೆಯಾ’ ಅಂತ ಕೇಳಿದ್ರು. ಹೂಂ ಅಂದೆ.” ಅವಳ ವಿಷಯ ಇನ್ನೊಬ್ಬರಿಗೆ ಹೇಳಲು ಅವಳನ್ನೇ ಕೇಳಿದ್ದರು! ನಮ್ಮ ಹುಡುಗಿಯನ್ನು ಹಾಗೆ ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಮದುವೆಗೂ ಕೇಳಿರಲಿಲ್ಲ.

ಅದೇ ವಾರ ಅವಳು ಗಂಡನ ಜೊತೆ ಹಾಸನದ ಡಾಕ್ಟರನ್ನು ಕಂಡು ಬಂದಳು. ಡಾಕ್ಟರು ಮಾತ್ರೆ ಬದಲಿಸಿ, ತಮ್ಮನ್ನು ಕೇಳದೆ ಒಂದು ಹೊತ್ತೂ ಬಿಡಬೇಡ ಅಂದರು. ಅಷ್ಟಕ್ಕೆ ಎಲ್ಲ ಸರಿಹೋಯಿತು ಅಂದುಕೊಂಡೆವು. ಆದರೆ ಒಂದು ಎಡವಟ್ಟಾಗಿತ್ತು. ನಮ್ಮ ಕಡೆ ಯಾವ ಆಫೀಸಿನಲ್ಲಿ ಫೋನ್ ನಂಬರು ಕೇಳಿದರೂ ಯಜಮಾನರದ್ದೇ ಕೊಡುವುದು. ರೇಷನ್ನಿಗೂ ಅದೇ, ಡೈರಿಗೂ ಅದೇ. ತನ್ನದೇ ಫೋನು ಬ್ಯಾಗಿನಲ್ಲಿದ್ದರೂ ಹುಡುಗಿ ಅಭ್ಯಾಸದ ಮೇಲೆ ಮಾವನ ನಂಬರು ಬರೆಸಿಬಿಟ್ಟಿದ್ದಳು. ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಕೊಟ್ಟಿಗೆಯ ಕಿಟಕಿಯಲ್ಲಿ ಮಾತ್ರ. ಮಾವನ ಫೋನು ಸದಾ ಅಲ್ಲಿಯೇ, ಸದಾ ಸ್ಪೀಕರಿನಲ್ಲಿ.

ಹುಡುಗಿಗೆ ಸಡಿಲವಾದ ಕುಪ್ಪಸ ಹೊಲಿದು ತೆಗೆದುಕೊಂಡು ನಾನು ಅಲ್ಲಿಗೆ ಹೋಗಿದ್ದ ಸಂಜೆ ಆ ಫೋನು ಬಡಿದುಕೊಂಡಿತು. ಬೀಗಿತ್ತಿ ಹಾಲು ಕರೆಯುತ್ತಿದ್ದಳು. ಯಜಮಾನರು ಹುಲ್ಲು ಹಾಕುತ್ತಿದ್ದವರು ಕಿಟಕಿಗೆ ಬಾಯಿಟ್ಟು ಕೂಗಿದರು.

“ಅಲೋ, ಯಾರವ್ವ?”

“ನಮಸ್ಕಾರ ಅಪ್ಪಾಜಿ. ನಿಮ್ಮ ಸೊಸೆ ಹತ್ರ ಮಾತಾಡ್ಬೇಕಿತ್ತು.” ಚನ್ನರಾಯಪಟ್ಟಣದ ಆಸ್ಪತ್ರೆಯಲ್ಲಿ ಕೂತಿದ್ದವಳ ದನಿ.

“ಏನ್ ವಿಷ್ಯ ಯೋಳು, ನಾನೇ ಯೋಳ್ತೀನಿ.”

“ಪರವಾಗಿಲ್ಲ ಅಪ್ಪಾಜಿ, ಅವರ ಹತ್ರಾನೇ ಮಾತಾಡ್ತೀನಿ.”

“ಓಹೋ, ಇನ್ಶೂರೆನ್ಸ್‌ನೋರಾ! ಮೊನ್ನೆ ಎಮ್ಮೆಗೆ ಮಾಡ್ಸು ಅಂದ್ರಿ, ಇವತ್ತು ಸೊಸೆ ತಂಕ ಬಂದ್ರಾ? ನಾಚ್ಕೆ ಆಗಾಕಿಲ್ವಾ? ಇಕ್ಕಮ್ಮ ಫೋನ!”

“ಆಯ್ತು ಅಪ್ಪಾಜಿ, ಆಮೇಲೆ ಮಾಡ್ತೀನಿ.”

ಹೊಸ ಮಾತ್ರೆ ಒಗ್ಗಿದೆಯಾ ಅಂತ ಕೇಳಲು ಮಾಡಿದ್ದಳು. ‘ನಾನು ಆಸ್ಪತ್ರೆ ಕಡೆಯವಳು’ ಅಂದಿದ್ದರೆ ಬೈಗುಳ ತಪ್ಪುತ್ತಿತ್ತು. ಅದನ್ನೂ ಅನ್ನಲಿಲ್ಲ. ಎಮ್ಮೆಯ ಜೊತೆ ಸೇರಿಸಿ ಬೈಸಿಕೊಂಡು ಸುಮ್ಮನೆ ಫೋನಿಟ್ಟಳು. ಮಾರನೆಯ ದಿನ ನಮ್ಮ ಹುಡುಗಿ ತೋಟದಿಂದ ತನ್ನ ಫೋನಿನಲ್ಲಿ ಮಾತಾಡಿದಾಗ, “ಯಾರ ಫೋನು, ಇನ್ಯಾರು ಎತ್ತುತ್ತಾರೆ ಅಂತ ನಾವೇ ಮೊದಲು ಕೇಳ್ಬೇಕಿತ್ತು, ತಪ್ಪಾಯ್ತು” ಅಂದು ನಂಬರು ಬದಲಿಸಿಕೊಂಡಳಂತೆ.

ಆದರೆ ಬೀಗಿತ್ತಿಯ ಕಿವಿ ಚುರುಕು. ಎಮ್ಮೆಯ ಕೆಚ್ಚಲು ಬಿಡದೆ ಆ ದನಿಯ ಗುರುತು ಹಿಡಿದಿದ್ದಳು. ಆ ಸಂಜೆಯೇ ನನ್ನನ್ನು ಹಿಡಿದುಕೊಂಡಳು: “ಬೀಗಿತ್ತಿ, ಅದು ಇನ್ಶೂರೆನ್ಸ್ ಅಲ್ಲ. ಅವತ್ತು ನಮ್ಮನ್ನ ಆಚೆಗೆ ಅಟ್ಟಿದ್ಳಲ್ಲ, ಅವಳೇ ಕಣವ್ವ. ನಿಮ್ ಉಡುಗಿಗೆ ಏನೋ ಐತೆ. ಆಸನಕ್ಕೇ ಓಗಿ ಕೇಳ್ಕಬತ್ತೀನಿ. ನೀನೂ ಬಾ.”

ಬೇಡ ಅಂದರೆ ಅನುಮಾನ ಹೆಚ್ಚುತ್ತದೆ. ಹೋದರೆ ಹುಡುಗಿಯ ಬದುಕು ಏನಾಗುತ್ತದೋ. ಅಂತೂ ಹೋದೆ. ಬೀಗಿತ್ತಿ ಒಂದು ಡಬ್ಬ ತುಂಬ ತುಪ್ಪ ಹಿಡಿದಿದ್ದಳು. ಆಫೀಸು ಒಂದು ಅಂಗಡಿಯ ಮೇಲಿನ ಮಹಡಿ. ಕನ್ನಡಕ ಹಾಕಿದ್ದ ಮೇಲಧಿಕಾರಿ ಹೆಂಗಸು ನಮ್ಮನ್ನು ಕೂರಿಸಿ, ನೀರು ಕೊಟ್ಟು, ಕೇಳಿಸಿಕೊಂಡರು.

“ನಮ್ ಸೊಸೆ ನಿಮ್ ತಾವ ಏನ್ ಬರ್ಸವ್ಳೆ, ಒಸಿ ಓದಿ ಯೋಳವ್ವ.”

“ನಿಮ್ಮ ಸೊಸೆ ನಮ್ಮಲ್ಲಿ ಹೆಸರು ಬರೆಸಿದ್ದಾರೋ ಇಲ್ವೋ ಅನ್ನೋದನ್ನೂ ನಾನು ಹೇಳೋ ಹಾಗಿಲ್ಲಮ್ಮ.”

“ಅಯ್ಯೋ! ಬರ್ಸಕ್ಕೆ ಕರ್ಕಬಂದೋಳೇ ನಾನು ಕಣವ್ವ!”

“ಇರಬಹುದಮ್ಮ. ಆದ್ರೂ ಹೇಳೋ ಹಾಗಿಲ್ಲ.”

“ನನ್ ಮಗ ಬಂದು ಕೇಳಿದ್ರೆ?”

“ಅವರಿಗೂ ಇಷ್ಟೇ. ಯಾರ ವಿಷಯಾನೋ ಅವರೇ ಬಂದು ಕೇಳಿದ್ರೆ ಒಂದಕ್ಷರ ಬಿಡದೆ ತೋರಿಸ್ತೀವಿ.”

“ನಮ್ ಯಜಮಾನ್ರು ಡೈರಿ ಅಧ್ಯಕ್ಷರು ಗೊತ್ತಾ?”

“ಅವರಿಗೆ ನನ್ನ ನಮಸ್ಕಾರ ತಿಳಿಸಿ.”

ತುಪ್ಪದ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟರು. ಆ ಗೌರವಕ್ಕೆ ಬೀಗಿತ್ತಿಗೆ ಜಗಳ ಎತ್ತಲೂ ಆಗಲಿಲ್ಲ. ಎಷ್ಟೋ ಆಫೀಸುಗಳಲ್ಲಿ ‘ಇಲ್ಲ’ ಅನ್ನಿಸಿಕೊಂಡಿದ್ದೇನೆ. ಅಷ್ಟು ಮರ್ಯಾದೆಯ, ಅಷ್ಟು ಗಟ್ಟಿಯಾದ ‘ಇಲ್ಲ’ವನ್ನು ನಾನು ಕೇಳಿದ್ದು ಅಲ್ಲೇ.

ಬಸ್ಸಿನಲ್ಲಿ ಅವಳು ತುಪ್ಪ ತೊಡೆಯ ಮೇಲಿಟ್ಟುಕೊಂಡು ಕೂತಳು. ಶಾಂತಿಗ್ರಾಮ ದಾಟಿದ ಮೇಲೆ, ನನ್ನ ಕಡೆ ತಿರುಗದೆ ಹೇಳಿದಳು: “ನಂಗೆ ಮೊದಲ್ನೇದು ಒಟ್ಟೇಲೇ ಓಗಿತ್ತು. ನಾನು ಆಸ್ಪತ್ರೆಯಿಂದ ಮನೆಗೆ ಬರೋಕ್ ಮುಂಚೇನೇ ಸುದ್ದಿ ಊರಿಗೆ ಬಂದಿತ್ತು ಕಣವ್ವ. ಯಾರು ಯೋಳಿದ್ರೋ. ಬಾವಿ ತಾವ ಓದ್ರೆ ಎಲ್ಲಾ ಮಾತು ನಿಲ್ಲಿಸೋರು. ಅವತ್ತು ಆಸ್ಪತ್ರೇಲಿ ಇಂತಾ ಒಬ್ಳು ಕುಂತಿದ್ದಿದ್ರೆ...” ನಾನು ಅವಳ ಕೈಮೇಲೆ ಕೈಯಿಟ್ಟೆ. ತೆಗೆಯಲಿಲ್ಲ.

ಮನೆಗೆ ಬಂದವಳೇ ಜಗುಲಿಯ ಮೇಲೆ ಡಬ್ಬ ಕುಕ್ಕಿದಳು. “ನಿನ್ ಆಸನದೋರು ಬಾಯಿ ಬಿಡ್ನಿಲ್ಲ ಕಣೆ. ತುಪ್ಪಾನೂ ತಕ್ಕಳ್ನಿಲ್ಲ.”

ಹುಡುಗಿ ಒಲೆ ಮುಂದಿನಿಂದ ಎದ್ದು ಬಂದಳು. ನಾನು ಕಣ್ಣಿನಲ್ಲೇ ಬೇಡ ಅಂದೆ. ಅವಳು ನನ್ನನ್ನು ನೋಡಲಿಲ್ಲ. “ಅವರು ಬಿಡಲ್ಲ ಅತ್ತೆ. ಅದು ನಾನು ಹೇಳಬೇಕಾದ್ದು. ಕೂತ್ಕಳಿ, ಹೇಳ್ತೀನಿ” ಅಂದಳು. ಮೂರ್ಛೆ ಬರುತ್ತಿದ್ದದ್ದು, ಮಾತ್ರೆ, ನಿಲ್ಲಿಸಿದ್ದು, ಡಾಕ್ಟರು ಬದಲಿಸಿ ಕೊಟ್ಟದ್ದು, ಎಲ್ಲವನ್ನೂ ತಡವರಿಸದೆ ಹೇಳಿದಳು. ತನ್ನ ಮಾತು ತನ್ನ ಕೈಯಲ್ಲೇ ಇದೆ ಅನ್ನುವ ಧೈರ್ಯ ಅವಳಿಗೆ ಆ ಮೂಲೆಯ ಕೋಣೆಯಲ್ಲಿ ಬಂದಿತ್ತು ಅಂತ ನಾನು ಈಗಲೂ ನಂಬಿದ್ದೇನೆ.

ಬೀಗಿತ್ತಿ ನನ್ನ ಕಡೆ ತಿರುಗಿದಳು. “ಎಣ್ ನೋಡಕ್ ಬಂದಾಗ ಕರ್ಜಿಕಾಯಿ ಇಕ್ಕುದ್ರಲ್ಲ, ಅದರ ಜೊತೆಗೆ ಈ ಮಾತ್ನೂ ಇಕ್ಕಿದ್ರೆ ನಿಮ್ ಗಂಟೇನ್ ಓಗ್ತಿತ್ತು?” ಆಮೇಲೆ ಸೊಸೆಗೆ, “ಇವತ್ತಿಂದು ನುಂಗಿದ್ದೀಯೇನೆ?” ಅಂದಳು. “ಊಟ ಆದ್ಮೇಲೆ ಅತ್ತೆ.” “ಅಂಗಾರೆ ಏಳು, ಉಣ್ಣು.” ನನಗೆ ಹೋಗಿಬಾ ಅನ್ನಲಿಲ್ಲ. ಕೊನೇ ಬಸ್ಸಿಗೆ ಒಬ್ಬಳೇ ಬಂದೆ.

ಆಮೇಲೆ ಬೀಗಿತ್ತಿ ನಮ್ಮ ಕಡೆಯವರ ಫೋನು ಎತ್ತಲಿಲ್ಲ. ಸುದ್ದಿ ಹುಡುಗಿಯಿಂದಲೇ ಬರುತ್ತಿತ್ತು. ಮಾತ್ರೆಯ ಹೊತ್ತಿಗೆ ಅತ್ತೆ ಎಲ್ಲಿದ್ದರೂ ಬಂದು ನೀರಿನ ಲೋಟ ಹಿಡಿದು ನಿಲ್ಲುತ್ತಾಳಂತೆ. ಪಕ್ಕದ ಮನೆಯವಳು, “ಅದೇನ್ ಮಾತ್ರೆ ನಿಮ್ ಸೊಸೆಗೆ?” ಅಂತ ಕೆಣಕಿದ್ದಕ್ಕೆ, “ಅವಳನ್ನೇ ಕೇಳು, ನಾನ್ ಯೋಳಂಗಿಲ್ಲ” ಅಂದಳಂತೆ.

ಹಾಸನದಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು, ಇಬ್ಬರೂ ಕ್ಷೇಮ. ಮೊದಲ ಬಾಣಂತನ ತವರಿನಲ್ಲಿ ಆಗಬೇಕು. ಅರಕಲಗೂಡಿನ ಹತ್ತಿರದ ಊರಿನಲ್ಲಿ ನನ್ನ ಅಕ್ಕ ಕೋಣೆ ಸಾರಿಸಿ ತೊಟ್ಟಿಲು ಇಳಿಸಿದ್ದಳು. ಬೀಗಿತ್ತಿ ಆಸ್ಪತ್ರೆಯಿಂದ ನೇರವಾಗಿ ತನ್ನ ಮನೆಗೇ ಕರೆದುಕೊಂಡು ಹೋದಳು. “ಮುಚ್ಚಿಡೋರ ಮನೆಗೆ ಕಳ್ಸಲ್ಲ. ಮಾತ್ರೆ ಹೊತ್ತು ನಂಗೊತ್ತು” ಅಂದಳಂತೆ. ಅಕ್ಕ ಅತ್ತಳು.

ಅದಾದ ಸ್ವಲ್ಪ ದಿನಕ್ಕೆ ನನ್ನ ಫೋನು ಹೊಡೆದುಕೊಂಡಿತು. ಹಿಂದುಗಡೆ ಎಮ್ಮೆಯ ಕೂಗು, ಮಗುವಿನ ಅಳು, ಅದರ ಮೇಲೆ ಬೀಗಿತ್ತಿಯ ದನಿ.

“ನೋಡವ್ವ, ನಿಮ್ಮಕ್ಕನ ಮೇಲೆ ಸಿಟ್ಟು ಇನ್ನೂ ಐತೆ. ನಿನ್ ಮೇಲೂ ಐತೆ. ಮಗೀಗೆ ನೀರಾಕಕ್ಕೆ ನನ್ ಸೊಂಟ ಬಗ್ಗಾಕಿಲ್ಲ. ನಾಳೆ ಮೊದಲ್ನೇ ಬಸ್ಸಿಗೆ ಬತ್ತೀಯೋ ಇಲ್ವೋ, ಅಷ್ಟು ಯೋಳು.”

“ಅಕ್ಕನ್ನೂ ಕರ್ಕೊಂಡು ಬರ್ಲಾ?” ಅಂದೆ.

“ಏ, ಮಗೀನ ಎತ್ಕಳೆ” ಅಂತ ಸೊಸೆಗೆ ಕೂಗಿದಳು.

“ಮಂಡಿನೋವಿನೋಳು ಬಸ್ಸಲ್ಲಿ ಎಂಗೆ ಬಂದಾಳು? ಆಟೋ ಮಾಡ್ಕಬನ್ನಿ” ಅಂದಳು.