ಓದದೆ ಮಡಿಸಿಟ್ಟ ಅರ್ಜಿ

ಮಕ್ಕಳೇ, ನಿಮ್ಮ ಅಜ್ಜನಿಗೆ ಬಂದ ಒಂದು ಅರ್ಜಿಯನ್ನು ನಾನು ಬಚ್ಚಿಟ್ಟೆ. ಅದರಿಂದ ಒಬ್ಬಳ ಮನೆ ಹೋಯಿತು. ಅಜ್ಜನಿಗೆ ಈ ಸಂಗತಿ ಕೊನೆಯವರೆಗೂ ಗೊತ್ತಾಗಲಿಲ್ಲ.

ಇದನ್ನು ಬಾಯಲ್ಲಿ ಹೇಳುವ ಧೈರ್ಯ ನನಗಿಲ್ಲ. ನಾಲ್ಕು ಜನರ ಎದುರು ಮಾತಾಡಿದವಳಲ್ಲ ನಾನು. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಇದೆ — ಅದರಿಂದಲೇ ತಪ್ಪು ಮಾಡಿದೆ, ಅದರಿಂದಲೇ ಬರೆಯುತ್ತೇನೆ.

ಮೊನ್ನೆ ಅನನ್ಯಾ, ನೀನು ಶಾಲೆಯ ಭಾಷಣ ಬಾಯಿಪಾಠ ಮಾಡುತ್ತಿದ್ದೆ. ನಿನ್ನ ಅಜ್ಜ ಮೇಯರ್ ಆಗಿದ್ದರು ಎಂದು ಇಂಗ್ಲಿಷಿನಲ್ಲಿ ಶುರುವಾಯಿತು. ನಮ್ಮಲ್ಲಿ ಮೇಯರ್ ಎನ್ನುವುದಿಲ್ಲ, ಪುರಸಭೆಯ ಅಧ್ಯಕ್ಷರು ಎನ್ನುವುದು ಎಂದೆ. "ಸೇಮ್ ಥಿಂಗ್, ಅಜ್ಜಿ" ಎಂದು ಮುಂದೆ ಹೋದೆ. ಆಮೇಲೆ ಆ ಸಾಲು ಬಂತು: ಹತ್ತೊಂಬತ್ತು ವರ್ಷವೂ ಅಜ್ಜ ಬಡವರ ಪ್ರತಿಯೊಂದು ಕಾಗದವನ್ನೂ ಸ್ವತಃ ಓದುತ್ತಿದ್ದರು. ಹೇಳಿ ಮುಗಿಸಿ, ಪುಸ್ತಕ ಮುಚ್ಚಿ, "ಖಲಾಸ್!" ಎಂದು ಹೊರಗೆ ಓಡಿದೆ.

ಆ ಸಾಲು ನಾನೇ ಹೇಳಿಕೊಟ್ಟದ್ದು. ಅದು ಸುಳ್ಳು.

ಅಜ್ಜ ಒಳ್ಳೆಯ ಅಧ್ಯಕ್ಷರಾಗಿದ್ದರು, ಅದರಲ್ಲಿ ಸುಳ್ಳಿಲ್ಲ. ಬೆಳಿಗ್ಗೆ ಸೈಕಲ್ ಹತ್ತಿ ಊರು ಸುತ್ತುತ್ತಿದ್ದರು. ಯಾವ ಕೇರಿಯ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ, ಯಾವ ಕಂಬದ ದೀಪ ಕೆಟ್ಟಿದೆ — ಎಲ್ಲ ಅವರ ನಾಲಗೆಯ ತುದಿಯಲ್ಲಿ. ಮೀನು ಮಾರುವ ಹೆಂಗಸರ ತಲೆಯ ಮೇಲೆ ಹಂಚಿನ ಮಾಡು ಬಂದದ್ದು ಅವರಿಂದ. ಯಾರಾದರೂ ಹೊಗಳಿದರೆ ನಗುತ್ತಿದ್ದರು: "ನನ್ನ ಅಧಿಕಾರ ಚರಂಡಿಯವರೆಗೆ ಮಾತ್ರ ಮಾರಾಯ್ರೆ. ಮನೆಯೊಳಗೆ ಇವಳೇ ಅಧ್ಯಕ್ಷೆ." ನಾನು ನಾಚಿ ಒಳಗೆ ಓಡುತ್ತಿದ್ದೆ.

ಅಧಿಕಾರದ ಕೊನೆಯ ಆರು ವರ್ಷ ಅವರ ಕಣ್ಣು ಹೋಗಿತ್ತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಮೊದಲು ಅಕ್ಷರಗಳು ಅಳಿಸಿಹೋದವು, ಆಮೇಲೆ ಮುಖಗಳು. ಕುರುಡ ಅಧ್ಯಕ್ಷ ಎಂದು ಎದುರು ಪಕ್ಷದವರು ನಗಬಾರದೆಂದು ನಾವು ಅದನ್ನು ಯಾರಿಗೂ ಹೇಳಲಿಲ್ಲ. ಸೈಕಲ್ ಬಿಟ್ಟರು, ಮಂಡಿ ನೋವು ಎಂದರು. ಜನರನ್ನು ಸ್ವರದಿಂದ ಗುರುತಿಸಿದರು. ಕಚೇರಿಯಲ್ಲಿ ಯಾವ ಕಾಗದ ಬಂದರೂ "ಮನೆಗೆ ಕಳಿಸಿ, ನಿಧಾನಕ್ಕೆ ನೋಡ್ತೇನೆ" ಎನ್ನುತ್ತಿದ್ದರು.

ಬೆಳಗಾಗುವ ಹೊತ್ತಿಗೆ ಜಗಲಿಯಲ್ಲಿ ಅವರು ಕಣ್ಣು ಮುಚ್ಚಿ ಕೂರುತ್ತಿದ್ದರು. ನಾನು ಪಿಸುದನಿಯಲ್ಲಿ ಓದುತ್ತಿದ್ದೆ. ಸಹಿ ಬೇಕಾದಲ್ಲಿ ಉಗುರಿನಿಂದ ಕಾಗದದ ಮೇಲೆ ಗೆರೆ ಒತ್ತುತ್ತಿದ್ದೆ. ಅವರ ಬೆರಳು ಗೆರೆಯನ್ನು ಹುಡುಕಿ ನಿಲ್ಲುತ್ತಿತ್ತು, ಪೆನ್ನು ಅಲ್ಲೇ ಇಳಿಯುತ್ತಿತ್ತು. ಅಕ್ಷರ ಒಂದಿಷ್ಟೂ ಓರೆಯಾಗುತ್ತಿರಲಿಲ್ಲ. ಆ ಹೊತ್ತಿನಷ್ಟು ಸುಖ ನಾನು ಬೇರೆಂದೂ ಕಂಡಿಲ್ಲ. ಇಡೀ ಊರು ನನ್ನ ಸ್ವರದ ಮೂಲಕ ಅವರೊಳಗೆ ಹೋಗುತ್ತಿತ್ತು...

ಆಗ ಮಾರುಕಟ್ಟೆಯ ರಸ್ತೆ ಅಗಲ ಮಾಡುವ ಮಾತು ಬಂತು. ಎಂಜಿನಿಯರರು ಮೊದಲು ಎಳೆದ ಗೆರೆಯಲ್ಲಿ ಅಂಗಡಿಗಳ ಸಾಲು ಹೋಗುತ್ತಿತ್ತು. ಅದರಲ್ಲಿ ನನ್ನ ತಮ್ಮ ದಾಮೋದರನ ಹೊಲಿಗೆ ಅಂಗಡಿಯೂ ಇತ್ತು. ಅಂಗಡಿಯವರು ಗಲಾಟೆ ಮಾಡಿದ್ದಕ್ಕೆ ಗೆರೆ ಇನ್ನೊಂದು ಬದಿಗೆ ಹೊರಳಿತು. ಅಲ್ಲಿದ್ದದ್ದು ಗಿರಿಜಳ ಮನೆ. ಕಾಗದದಲ್ಲಿ ಸರ್ವೆ ನಂಬರ್ ಮಾತ್ರ ಇತ್ತು, ಅದು ಯಾರ ಮನೆಯೆಂದು ಅಜ್ಜನಿಗೆ ತಿಳಿಯಲಿಲ್ಲ.

ಗಿರಿಜ ಮತ್ತು ನಾನು ಶಾಲೆಯಲ್ಲಿ ಒಂದೇ ಬೆಂಚಿನವರು. ಗಂಡ ತೀರಿಕೊಂಡ ಮೇಲೆ ಬೀಡಿ ಕಟ್ಟಿ ಮಗಳನ್ನು ಓದಿಸುತ್ತಿದ್ದಳು. ತಕರಾರು ಇದ್ದವರು ತಿಂಗಳೊಳಗೆ ಅರ್ಜಿ ಕೊಡಬೇಕಿತ್ತು. ಕಚೇರಿಯಲ್ಲಿ ಕೊಟ್ಟರೆ ಠಸ್ಸೆ ಹೊಡೆದು ರಶೀದಿ ಕೊಡುತ್ತಿದ್ದರು. ಆದರೆ ನಮ್ಮ ಊರಿನವರಿಗೆ ಕಚೇರಿಗಿಂತ ಅಧ್ಯಕ್ಷರ ಮನೆಯ ಮೇಲೆ ನಂಬಿಕೆ ಹೆಚ್ಚು. ಗಂಡಸರು ಜಗಲಿಗೆ ಬರುತ್ತಿದ್ದರು, ಹೆಂಗಸರು ನನ್ನ ಅಡುಗೆಮನೆಯ ಬಾಗಿಲಿಗೆ. ರಶೀದಿ ಕೇಳುವುದೆಂದರೆ ಮನೆಯವರಿಗೆ ಅವಮಾನ ಮಾಡಿದಂತೆ.

ಗಿರಿಜಳೂ ಅಲ್ಲಿಗೇ ಬಂದಳು.

"ಇದನ್ನು ನಿನ್ನವರ ಕೈಗೇ ಕೊಡು, ಆಯ್ತಾ? ಕಚೇರಿಯ ಗುಮಾಸ್ತನಿಗೆ ಕೊಟ್ರೆ ಅದರಲ್ಲಿ ಕಡ್ಲೆ ಕಟ್ತಾನೆ."

"ಕೊಡ್ತೇನೆ ಮಾರಾಯ್ತಿ. ಕೂತ್ಕೊ, ಮಜ್ಜಿಗೆ ಕುಡಿ."

ಮಜ್ಜಿಗೆ ಕುಡಿದು, ನನ್ನ ಕೆನ್ನೆ ತಟ್ಟಿ ಹೋದಳು.

ಒಲೆಯ ಪಕ್ಕ ನಿಂತು ಓದಿದೆ. ಶಾಲೆಯಲ್ಲಿ ಬರೆಯುತ್ತಿದ್ದ ಅದೇ ದುಂಡು ಅಕ್ಷರ. ರಸ್ತೆಯನ್ನು ಮೊದಲಿನ ಗೆರೆಗೇ ಒಯ್ಯಬೇಕು, ಅಂಗಡಿಯವರಿಗೆ ಹೊಸ ಕಟ್ಟಡದಲ್ಲಿ ಜಾಗ ಸಿಗುತ್ತದೆ, ತನಗೆ ಬೇರೆ ಸೂರಿಲ್ಲ ಎಂದಿದ್ದಳು. ಕೊನೆಯಲ್ಲಿ — ತಾವು ಒಂದು ಸಲ ಬಂದು ಕಣ್ಣಾರೆ ನೋಡಬೇಕು.

ಆ ಸಾಲು ಹಿಡಿದುಕೊಂಡು ನಾನು ಎಷ್ಟೋ ವರ್ಷ ನನಗೇ ಸಮಾಧಾನ ಹೇಳಿಕೊಂಡೆ. ಅವರು ಹೋದರೆ ಕಣ್ಣಿಲ್ಲದ್ದು ಬಯಲಾಗುತ್ತಿತ್ತು, ಅದಕ್ಕೇ ಅಡಗಿಸಿದೆ ಎಂದು. ಅಲ್ಲ, ಮಕ್ಕಳೇ. ಅರ್ಜಿ ಕೇಳಿದ್ದರೆ ಅವರು ಗೆರೆಯನ್ನು ಹಿಂದಕ್ಕೆ ಹೊರಳಿಸುತ್ತಿದ್ದರು, ನನಗದು ಗೊತ್ತಿತ್ತು. ನನ್ನ ತಮ್ಮನ ಅಂಗಡಿ ಉಳಿಯಬೇಕಿತ್ತು — ಅಷ್ಟೇ.

ಮರುದಿನ ಬೆಳಿಗ್ಗೆ ಏಳು ಕಾಗದ ಇದ್ದವು. ಆರು ಓದಿದೆ.

"ಮುಗೀತಾ?" ಎಂದು ಕೇಳಿದರು.

"ಮುಗೀತು. ಇಷ್ಟೇ ಇರುವುದು."

ಅವರು ತಲೆಯಾಡಿಸಿದರು. ಏಳನೆಯದು ನನ್ನ ಸೆರಗಿನ ಒಳಗೆ ಬೆಚ್ಚಗಿತ್ತು.

ತಿಂಗಳು ಕಳೆಯಿತು. ತಕರಾರು ಬಂದಿಲ್ಲ ಎಂದು ಸಭೆಯಲ್ಲಿ ಬರೆದುಕೊಂಡರು. ಆ ಕಾಗದಕ್ಕೂ ನಾನೇ ಗೆರೆ ಒತ್ತಿದೆ, ಅವರ ಬೆರಳು ಬಂದು ನಿಂತಿತು — ಆಗಲಾದರೂ ಹೇಳಬಹುದಿತ್ತು.

ಮನೆ ಬಿದ್ದ ದಿನ ಗಿರಿಜ ಮತ್ತೆ ಅಡುಗೆಮನೆಯ ಬಾಗಿಲಿಗೆ ಬಂದಳು. ಅಳುತ್ತಿರಲಿಲ್ಲ.

"ಅಧ್ಯಕ್ಷರು ನೋಡ್ಲಿಕ್ಕೆ ಬರ್ತಾರೆ ಅಂತ ದಿನಾ ಅಂಗಳ ಸಾರಿಸಿ ಕಾದೆ ಮಾರಾಯ್ತಿ. ಅವರು ದೊಡ್ಡವರಾದ್ರು. ನಮ್ಮಂಥವರ ಕಾಗದ ಯಾಕೆ ಓದ್ತಾರೆ, ಅಲ್ವಾ?"

ಅಲ್ಲ ಎನ್ನಬೇಕಿತ್ತು. ಮಜ್ಜಿಗೆ ತಂದುಕೊಟ್ಟೆ. ಮುಟ್ಟಲಿಲ್ಲ.

ಕೆಲವು ದಿನಗಳ ನಂತರ ಅಜ್ಜ ಕೇಳಿದರು, "ಹಿಂದುಗಡೆ ಗಿರಿಜಳ ಸ್ವರ ಕೇಳದೆ ಎಷ್ಟೋ ದಿನ ಆಯ್ತಲ್ಲ. ಹುಷಾರಿಲ್ವಾ ಅವಳಿಗೆ?" ಕಣ್ಣಿಲ್ಲದವರಿಗೆ ಆ ಖಾಲಿ ಜಾಗ ಕಂಡಿತ್ತು. ತಂಗಿಯ ಮನೆಗೆ ಹೋಗಿದ್ದಾಳಂತೆ ಎಂದೆ. ಹೀಗೆ ಎರಡನೆಯ ಸುಳ್ಳೂ ಹೇಳಿದೆ.

ಅವರು ತೀರಿಕೊಂಡ ಮೇಲೆ ಅದೇ ರಸ್ತೆಗೆ ಅವರ ಹೆಸರು ಇಟ್ಟರು.

ನಿಮ್ಮ ಅಪ್ಪ ನನ್ನನ್ನು ಇಲ್ಲಿ ಗಲ್ಫಿನ ಸುವೈಕ್‌ಗೆ ಕರೆತಂದ ಮೇಲೆ, ಬೆಳಗಿನ ಹೊತ್ತು ಕಡಲ ದಂಡೆಗೆ ಹೋಗುತ್ತೇನಲ್ಲ — ವಾಕಿಂಗ್ ಎಂದು ನೀವು ತಿಳಿದಿದ್ದೀರಿ. ಮಂಜು ಕವಿದಾಗ ನೀರು ಯಾವುದು ಆಕಾಶ ಯಾವುದು ತಿಳಿಯುವುದಿಲ್ಲ. ಇದರ ಆಚೆ ದಡದಲ್ಲೇ ನಮ್ಮ ಊರು. ಆ ಬಿಳುಪಿನಲ್ಲಿ ಒಮ್ಮೊಮ್ಮೆ ನಮ್ಮ ಜಗಲಿ ತೇಲಿ ಬರುತ್ತದೆ. ಅವರು ಕಣ್ಣು ಮುಚ್ಚಿ ಕೂತಿರುತ್ತಾರೆ. ಗದರುವುದಿಲ್ಲ. "ಮುಗೀತಾ?" ಎಂದಷ್ಟೇ ಕೇಳುತ್ತಾರೆ. ಉತ್ತರ ಹೇಳುವಷ್ಟರಲ್ಲಿ ಮೀನಿನ ದೋಣಿಯೊಂದು ಅವರನ್ನು ಸೀಳಿಕೊಂಡು ಹಾದುಹೋಗುತ್ತದೆ, ಅಲ್ಲಿ ಏನೂ ಇರುವುದಿಲ್ಲ. ಮನೆಗೆ ಬಂದರೆ ನೀವು ಊಟ ಮುಗಿಸಿ ಖಲಾಸ್ ಎನ್ನುತ್ತೀರಿ, ಆಟ ಮುಗಿಸಿ ಖಲಾಸ್ ಎನ್ನುತ್ತೀರಿ. ಪ್ರತಿ ಸಲವೂ ನನಗೆ ಅವರ ಪ್ರಶ್ನೆಯೇ ಕೇಳಿಸುತ್ತದೆ.

ಕಳೆದ ತಿಂಗಳು ರೂವಿ ಪೇಟೆಯ ಬಟ್ಟೆ ಅಂಗಡಿಯಲ್ಲಿ ಒಬ್ಬ ಹೆಂಗಸು ನನ್ನ ಕಾಲು ಮುಟ್ಟಿದಳು, ನೆನಪಿದೆಯೇ? "ನಾನು ಶಶಿಕಲಾ, ಗಿರಿಜಳ ಮಗಳು" ಎಂದಳು. ಸಹಮ್‌ನಲ್ಲಿ ನರ್ಸ್ ಆಗಿದ್ದಾಳೆ. ತಾಯಿ ಅವಳ ಜೊತೆಗೇ ಇದ್ದಾಳಂತೆ. "ಅಮ್ಮನಿಗೆ ಈಗ ಕಣ್ಣು ಸರಿ ಕಾಣೂದಿಲ್ಲ ಅತ್ತೆ. ನಿಮ್ಮ ಸ್ವರ ಕೇಳಿದ್ರೆ ಖುಷಿಯಾಗ್ತದೆ, ಒಮ್ಮೆ ಬನ್ನಿ" ಎಂದಳು. ನಾನು ಅವಳ ತಲೆ ಸವರಿ ಹೊರಗೆ ಬಂದೆ.

ಆ ಅರ್ಜಿ ನನ್ನ ಪೆಟ್ಟಿಗೆಯಲ್ಲಿ, ಅಜ್ಜ ತಂದ ಹಸಿರು ಸೀರೆಯ ಮಡಿಕೆಯೊಳಗೆ ಇದೆ. ಸುಡಲು ಎರಡು ಸಲ ಒಲೆಯ ಬಳಿ ಒಯ್ದಿದ್ದೆ. ಆ ದುಂಡು ಅಕ್ಷರ ನೋಡಿ ಕೈ ಬರಲಿಲ್ಲ. ಹಾಗೆಂದು ಕೊಡಲೂ ಇಲ್ಲ.

ಈ ಶುಕ್ರವಾರ ನಿಮ್ಮ ಅಪ್ಪನಿಗೆ ರಜೆ. ಸಹಮ್‌ಗೆ ಕರೆದುಕೊಂಡು ಹೋಗು ಎಂದು ಕೇಳಿದ್ದೇನೆ. ಗಿರಿಜಳ ಪಕ್ಕ ಕೂತು ಅವಳ ಅರ್ಜಿಯನ್ನು ಅವಳಿಗೆ ಓದುತ್ತೇನೆ, ಮೊದಲ ಸಾಲಿನಿಂದ ಕೊನೆಯವರೆಗೆ. ಅಧ್ಯಕ್ಷರಿಗೆ ಇದನ್ನು ಕೊಡದವಳು ನಾನು ಎನ್ನುತ್ತೇನೆ. ಅವಳು ಏನು ಹೇಳುತ್ತಾಳೋ... ಬಾಗಿಲು ತೋರಿಸಿದರೆ ಎದ್ದು ಬರುತ್ತೇನೆ.

ಅನನ್ಯಾ, ಭಾಷಣದ ಆ ಸಾಲನ್ನು ಹೊಡೆದುಹಾಕು. ಅಜ್ಜನಿಗೆ ಅಜ್ಜಿ ಓದಿ ಹೇಳುತ್ತಿದ್ದಳು, ಒಂದನ್ನು ಓದಲಿಲ್ಲ ಎಂದು ಬರೆ. ನಿನಗೆ ನಾಚಿಕೆಯಾದರೆ ಭಾಷಣವನ್ನೇ ಬಿಡು, ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಈ ಹಾಳೆಯ ಕೆಳಗೆ ಉಗುರಿನಿಂದ ಒಂದು ಗೆರೆ ಒತ್ತಿದ್ದೇನೆ. ಬೆರಳಾಡಿಸಿದರೆ ತಿಳಿಯುತ್ತದೆ. ಇಷ್ಟು ದಿನ ಇಂಥ ಗೆರೆಯ ಮೇಲೆ ಅವರ ಹೆಸರು ಬೀಳುತ್ತಿತ್ತು. ಈ ಸಲ ನನ್ನದು.

ಸುಮತಿ