ಉಳಿಸಿ ಅಕ್ಕನ ಬ್ಯಾನರು
ಬೀದಿಯವರೆಲ್ಲ ‘ಉಳಿಸಿ ಅಕ್ಕ’ ಎಂದು ಕರೆಯುವ ದರ್ಜಿಯಮ್ಮ ಪ್ರತಿ ಧರಣಿ ಮುಗಿಸಿ ಬಂದಾಗಲೂ ಹೊಲಿಗೆ ಯಂತ್ರದ ಮುಂದೆ ಕುಸಿದು ಕೂತು, “ಇದೇ ಕೊನೆ ಕಣ್ರೀ, ಇನ್ನು ಊರು ಮುಳುಗಿದ್ರೂ ನಾನು ಏಳಲ್ಲ” ಎನ್ನುತ್ತಾಳೆ. ಪಕ್ಕದಲ್ಲಿ ಇಸ್ತ್ರಿ ಹಾಕುವ ಗಂಡ, ಇದು ಎಷ್ಟನೆಯ ಕೊನೆ ಎಂದು ಕೇಳುವಷ್ಟು ದಡ್ಡನಲ್ಲ. ಅವಳ ಹತ್ತಿರ ಇರುವುದು ಒಂದೇ ಬ್ಯಾನರು. ಅದರಲ್ಲಿ ‘ಉಳಿಸಿ’ ಎಂಬುದು ಕಾಯಂ, ಏನನ್ನು ಎಂಬುದು ಮಾತ್ರ ಬದಲಾಗುತ್ತದೆ. ಮೊದಲು ‘ಹೆರಿಗೆ ಆಸ್ಪತ್ರೆ’ ಎಂದಿತ್ತು. ಅದಕ್ಕೆ ಬೀಗ ಬಿದ್ದ ಮೇಲೆ ಆ ಹೆಸರಿನ ಮೇಲೆ ‘ಗ್ರಂಥಾಲಯ’ ಎಂಬ ಬಟ್ಟೆಪಟ್ಟಿ ಬಂತು, ಗ್ರಂಥಾಲಯ ಗೋದಾಮಾದ ಮೇಲೆ ‘ಬಸ್ಸು’ ಬಂತು, ಈಗ ‘ಕೆರೆ’. ಆ ಜಾಗ ಹಾಸಿಗೆಯಷ್ಟು ದಪ್ಪವಾಗಿದೆ. ಮನವಿ ಹಿಡಿದು ಹೋದರೆ ಪುರಸಭೆ ಕಚೇರಿಯ ಜವಾನ ಅವಳ ತಲೆ ಕಂಡ ಕೂಡಲೇ, “ಸಾಹೇಬ್ರು ಮೀಟಿಂಗಲ್ಲಿದ್ದಾರೆ” ಎನ್ನುತ್ತಾನೆ. “ಇರ್ಲಿ ಬಿಡಪ್ಪಾ, ನಂಗೂ ಗುಂಡಿ ಹಾಕೋದಿದೆ” ಎಂದು ಅವಳು ಚೀಲದಿಂದ ಯಾವುದೋ ಗಿರಾಕಿಯ ಅಂಗಿ ತೆಗೆದು ಬೆಂಚಿನ ಮೇಲೆ ಕೂರುತ್ತಾಳೆ. ಮೀಟಿಂಗು ಮುಗಿಯುವುದಿಲ್ಲ, ಅಂಗಿ ಮುಗಿಯುತ್ತದೆ. ಇವತ್ತು ಗಂಡ ಬ್ಯಾನರಿಗೆ ಇಸ್ತ್ರಿ ಹಾಕುವಾಗ ಕೆರೆಯ ಒಂದು ಮೂಲೆ ಕಿತ್ತುಕೊಂಡು ಬಂತು. “ಅಲ್ಲ ಕಣೇ, ಗಿರಾಕಿಗಳ ಬಟ್ಟೆ ಜಗ್ಗಿದ್ರೂ ಬಿಚ್ಚಲ್ಲ, ಇದಕ್ಯಾಕೆ ಇಷ್ಟು ಸಡಿಲ ಹೊಲಿಗೆ?” ಎಂದ. ಅವಳು ಸೂಜಿಗೆ ದಾರ ಪೋಣಿಸುತ್ತಾ ತಲೆ ಎತ್ತದೆ ಹೇಳಿದಳು: “ಗಟ್ಟಿಯಾಗಿ ಹೊಲಿದ್ರೆ ಬಿಚ್ಚುವಾಗ ಕೆಳಗಿನ ಹೆಸರು ಹರಿದುಹೋಗುತ್ತೆ ಕಣ್ರೀ. ಆಸ್ಪತ್ರೆ ಕೆಲಸ ಇನ್ನೂ ಮುಗಿದಿಲ್ವಲ್ಲ.”