ಸೋರುವ ಕೋಣೆಯ ಬೀಗದ ಕೈ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಾಜ್ಯ ಗ್ರಂಥಾಲಯದ ಮೇಲಿನ ಮಹಡಿಯಲ್ಲಿ ಹೆಂಗಸೊಬ್ಬರು ರವಿಕೆಯ ತೋಳು ಮಡಚಿ, ಸ್ಟೂಲು ಹತ್ತಿ, ಕಪಾಟಿನ ನೆತ್ತಿಯ ಮೇಲಿದ್ದ ಬಕೆಟ್ ಇಳಿಸುತ್ತಿದ್ದಾರೆ. ರಾತ್ರಿ ಸುರಿದ ಮಳೆಗೆ ಅದು ಕಂಠಮಟ್ಟ ತುಂಬಿದೆ. ಒಂದು ಹನಿಯೂ ಪುಸ್ತಕದ ಮೇಲೆ ತುಳುಕಬಾರದು. ಉಸಿರು ಬಿಗಿಹಿಡಿದು ಕೆಳಗಿಳಿದು, ನೀರನ್ನು ಮೋರಿಗೆ ಚೆಲ್ಲಿ, ಮತ್ತೆ ಹತ್ತುತ್ತಾರೆ. ಕೋಣೆಯಲ್ಲಿ ಇಂಥವು ಹನ್ನೊಂದು ಬಕೆಟ್‌ಗಳಿವೆ.

ಇವರು ಉಪ ಗ್ರಂಥಪಾಲಕಿ. ಸಹೋದ್ಯೋಗಿಗಳ ಬಾಯಲ್ಲಿ ‘ಬಕೆಟ್ ಮೇಡಂ’. ಹುಟ್ಟಿದಾರಭ್ಯ ಯಾವ ಸಾಹೇಬರಿಗೂ ಬಕೆಟ್ ಹಿಡಿಯದವರಿಗೆ ಎಂಥ ಹೆಸರು ನೋಡಿ! ಅವರೂ ನಗುತ್ತಾರೆ. ಆದರೆ ‘ಹೊಸ ಮೇಡಂ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಆ ನಗು ಅಲ್ಲೇ ನಿಂತುಹೋಗುತ್ತದೆ.

ರಾಜ್ಯದಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಎರಡು ಪ್ರತಿ ಈ ಗ್ರಂಥಾಲಯಕ್ಕೆ ಬರಲೇಬೇಕು. ಒಂದು ಓದುಗರ ಕೈಗೆ ಹೋಗುತ್ತದೆ. ಇನ್ನೊಂದು ಕಾಪು ಪ್ರತಿ. ಅದನ್ನು ಯಾರಿಗೂ ಎರವಲು ಕೊಡುವಂತಿಲ್ಲ, ಕಟ್ಟಡದ ಹೊಸ್ತಿಲು ದಾಟಿಸುವಂತಿಲ್ಲ. ಓದುಗರ ಪ್ರತಿ ಹರಿದು ಚಿಂದಿಯಾದರೂ ಮುಂದಿನವರಿಗೆ ಇದೊಂದು ಉಳಿದಿರಲಿ ಎಂಬುದು ಲೆಕ್ಕ. ಹಾಗೆ ಉಳಿಸಬೇಕಾದ ಕೋಣೆಯ ಸೂರೇ ಸೋರುತ್ತಿದೆ. ಹೀಗೇ ಬಿಟ್ಟು ಇನ್ನೆರಡು ಮಳೆಗಾಲ ಕಳೆದರೆ ಅರ್ಧದಷ್ಟು ಪುಸ್ತಕ ಮುದ್ದೆಯಾಗುವುದು ಖಂಡಿತ.

ರಾಜ್ಯ ಗ್ರಂಥಪಾಲಕರ ಹುದ್ದೆ ಮೂರು ವರ್ಷ ಖಾಲಿ ಬಿದ್ದಿತ್ತು. ಅಷ್ಟೂ ಕಾಲ ಆ ಕುರ್ಚಿಯ ಕೆಲಸವನ್ನೆಲ್ಲ ಮಾಡಿದವರು ಇವರೇ. ಊರೂರಿನ ಸಣ್ಣ ಗ್ರಂಥಾಲಯಗಳ ತಪಾಸಣೆ, ಶಾಸಕರು ಕೇಳಿದ ಮಾಹಿತಿ ಹುಡುಕಿ ಕಳಿಸುವುದು, ಪುಸ್ತಕ ಕಳಿಸದೆ ನುಣುಚಿಕೊಳ್ಳುವ ಮುದ್ರಕರ ಬೆನ್ನು ಹತ್ತುವುದು. ಜನರೆದುರು ನಿಲ್ಲುವ ಕೆಲಸವೊಂದನ್ನು ಮಾತ್ರ ಮುಟ್ಟಲಿಲ್ಲ. “ಮೈಕ್ ಕಂಡ್ರೆ ನಂಗೆ ನಾಲಿಗೆ ಒಣಗುತ್ತೆ. ಸಭೆಗೆಲ್ಲ ಬೇರೆಯವರನ್ನ ಸಾಗಹಾಕ್ತಿದ್ದೆ. ಸೂರಿನ ವಿಷಯ ಬರೆದು ಬರೆದು ಕಳಿಸ್ದೆ. ಕಡತ ಹೋಗ್ತಿತ್ತು, ಬರ್ತಿತ್ತು. ನೀರು ಮಾತ್ರ ನಿಲ್ಲಲಿಲ್ಲ.”

ಕೊನೆಗೆ ಹುದ್ದೆ ತುಂಬಿತು. ಬಂದವರು ಯಾರು? ಹಿಂದೊಮ್ಮೆ ಇವರ ಕೈಕೆಳಗೇ ಕೆಲಸ ಕಲಿತಿದ್ದ, ಹದಿಮೂರು ವರ್ಷ ಕಿರಿಯ ಹೆಣ್ಣುಮಗಳು! ಬಂದ ವಾರದಲ್ಲೇ ರೇಡಿಯೋದಲ್ಲಿ ಮಾತಾಡಿದರು. ಕಾಲೇಜುಗಳಿಗೆ ಹೋದರು. ಓದುವ ಕೋಣೆಯಲ್ಲಿ ಜನ ಅವರನ್ನು ಸುತ್ತುವರಿದು ನಿಲ್ಲತೊಡಗಿದರು. ಎಲ್ಲಕ್ಕಿಂತ ಹೆಚ್ಚಾಗಿ, ಎದುರಾದಾಗಲೆಲ್ಲ ಬಾಯ್ತುಂಬ “ಅಕ್ಕಾ” ಎನ್ನುತ್ತಿದ್ದರು. “ಮೈಯೆಲ್ಲ ಉರೀತಿತ್ತು,” ಎನ್ನುತ್ತಾರೆ ಬಕೆಟ್ ಮೇಡಂ. “ಸೊಕ್ಕಿನವಳಾಗಿದ್ರೆ ಬೈಕೊಂಡು ಸುಮ್ನಿರಬಹುದಿತ್ತು. ಅವಳು ಒಳ್ಳೆಯವಳು. ಇನ್ನೇನ್ ಮಾಡ್ಲಿ ಹೇಳಿ?”

ಹೊಟ್ಟೆಕಿಚ್ಚು ಒಳ್ಳೆಯದಲ್ಲ ಎಂದು ಬುದ್ಧಿ ಹೇಳುವವರು ಒಂದು ದಿನ ಇವರ ಜಾಗದಲ್ಲಿ ನಿಂತು ನೋಡಲಿ.

ಕಳೆದ ತಿಂಗಳು ಹೊಸ ಮೇಡಂ ಕೋಣೆಗೆ ಬಂದು, “ಅಕ್ಕಾ, ನಾಳೆ ಹಣಕಾಸು ಸಮಿತಿ ಮುಂದೆ ಸೂರಿನ ವಿಷಯ ಇಡ್ತಿದ್ದೀನಿ. ತೀರಾ ಹಾಳಾಗಿರೋ ನಾಲ್ಕು ಪುಸ್ತಕ ಬೇಕು, ತಗೊಂಡು ಹೋಗ್ತೀನಿ,” ಎಂದರು. ಕಾಪು ಪ್ರತಿಯನ್ನು ಹೊಸ್ತಿಲಾಚೆ ಒಯ್ಯುವುದೇ! ಕೋಣೆಯ ಬೀಗದ ಕೈ ಇದ್ದದ್ದು ಇವರ ಬಳಿ. “ಆಗಲ್ಲ. ನಿಯಮ ಇದೆ,” ಎಂದು ಖಡಾಖಂಡಿತವಾಗಿ ಹೇಳಿ ಮನೆಗೆ ಹೊರಟರು. ಹೊಸ ಮೇಡಂ ಆದೇಶ ಮಾಡಬಹುದಿತ್ತು, ಮಾಡಲಿಲ್ಲ.

ಮನೆಯಲ್ಲಿ ಊಟಕ್ಕೆ ಕೂತಾಗ ವಿಷಯ ಹೇಳಿದರು. ಗಡಿಯಾರ ರಿಪೇರಿ ಮಾಡುವ ಗಂಡ ತಟ್ಟೆಯಿಂದ ತಲೆಯೆತ್ತದೆ ಕೇಳಿದರು, “ಕೊಡಲ್ಲ ಅಂದಿದ್ದು ನಿಯಮಕ್ಕಾ, ಹೊಟ್ಟೆಕಿಚ್ಚಿಗಾ?”

“ನೀವು ಸುಮ್ನೆ ಊಟ ಮಾಡಿ,” ಎಂದು ಇವರು ಸಿಡುಕಿದರು. ಆಮೇಲೆ ಎದ್ದುಹೋಗಿ ಪೆಟ್ಟಿಗೆಯಿಂದ ಹಳೆಯದೊಂದು ಮೆತ್ತನೆಯ ಬಟ್ಟೆ ತೆಗೆದಿಟ್ಟರು.

ಬೆಳಿಗ್ಗೆ ನಾಲ್ಕು ಪುಸ್ತಕಗಳನ್ನು ಬಟ್ಟೆಯಲ್ಲಿ ಸುತ್ತಿ, ಕೂಸಿನ ಹಾಗೆ ಎದೆಗವಚಿಕೊಂಡು ಕಾರಿನ ಬಳಿ ನಿಂತಿದ್ದರು. “ಕೈಗೆ ಕೊಡಲ್ಲ. ನಾನೇ ತರ್ತೀನಿ,” ಎಂದರು. ಕಾರಿನೊಳಗಿದ್ದ ಹೊಸ ಮೇಡಂ ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ಸಮಿತಿಯ ಕೋಣೆಯಲ್ಲಿ ಅಧ್ಯಕ್ಷರು ಆಕಳಿಸುತ್ತ ಒಂದು ಪುಸ್ತಕ ಎತ್ತಿಕೊಂಡರು. ಸೂಲಗಿತ್ತಿಯರಿಗೆಂದು ಯಾವ ಕಾಲದಲ್ಲೋ ಅಚ್ಚಾದ ಕೈಪಿಡಿ ಅದು. ಓದುಗರ ಪ್ರತಿ ಎಂದೋ ಹಾಳಾಗಿತ್ತು. ತೇವಕ್ಕೆ ಪುಟಗಳು ಅಂಟಿಕೊಂಡಿದ್ದವು. ಅಧ್ಯಕ್ಷರು ಬಿಡಿಸಲು ಹೋಗಿ ಸ್ವಲ್ಪ ಜಗ್ಗಿದರು. ಅರ್ಧ ಪುಟ ಅವರ ಕೈಗೇ ಬಂತು.

“ಅಯ್ಯೋ, ಬಿಡ್ರೀ! ಇನ್ನೊಂದಿಲ್ಲ ಅದು!”

ಕೂಗಿದ್ದು ಬಕೆಟ್ ಮೇಡಂ. ಮೈಕ್ ಇಲ್ಲದೆಯೂ ಕೊನೆಯ ಸಾಲಿನವರೆಗೆ ಕೇಳಿಸಿತು. ಅಧ್ಯಕ್ಷರು ಹರಿದ ಪುಟ ಹಿಡಿದು ಪೆಚ್ಚಾಗಿ ಕೂತರು. ಎಲ್ಲರೂ ಹೊಸ ಮೇಡಂ ಕಡೆ ನೋಡಿದರು. ಮೂರು ಹಾಳೆ ಭಾಷಣ ಸಿದ್ಧ ಮಾಡಿಕೊಂಡಿದ್ದ ಅವರು ಅದನ್ನು ಮಡಚಿಟ್ಟು ಎದ್ದು ನಿಂತರು. “ಅಧ್ಯಕ್ಷರೇ, ಇನ್ನೊಂದಿಲ್ಲ. ನಾನು ಹೇಳಬೇಕಾಗಿದ್ದೂ ಇಷ್ಟೇ,” ಎಂದು ಕೂತುಬಿಟ್ಟರು.

ಹೊಸ ಸೂರಿಗೆ ಅಂದು ಸಂಜೆಯೇ ಒಪ್ಪಿಗೆ ಸಿಕ್ಕಿತು. ಮರುದಿನದ ಪತ್ರಿಕೆಯಲ್ಲಿ ಹೊಸ ಮೇಡಂ ಚಿತ್ರ ದೊಡ್ಡದಾಗಿ ಬಂತು. ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತದೆ. “ಅದು ನಂದು,” ಎನ್ನುತ್ತಾರೆ ಇವರು, ಬೆರಳಿಟ್ಟು ತೋರಿಸಿ.

ನಿಮ್ಮ ಆ ಕೂಗಿನಿಂದಲೇ ಕೆಲಸವಾಯಿತು ಎಂದು ಎಲ್ಲರೂ ಹೇಳುತ್ತಾರೆ, ಹೊಸ ಮೇಡಂ ಸಹ. ಇವರು ಒಪ್ಪುವುದಿಲ್ಲ. “ಕೂಗೋದು ಯಾರಿಗಾದ್ರೂ ಬರುತ್ತೆ. ಅವಳ ಜಾಗದಲ್ಲಿ ನಾನಿದ್ದಿದ್ರೆ ಆಮೇಲೆ ತಪ್ಪಾಯ್ತು ತಪ್ಪಾಯ್ತು ಅಂತ ಬಡಬಡಿಸಿ ಎಲ್ಲಾ ಕೆಡಿಸ್ತಿದ್ದೆ. ಎಲ್ಲಿ ಮಾತು ನಿಲ್ಲಿಸ್ಬೇಕು ಅನ್ನೋದು ಅವಳಿಗೆ ಗೊತ್ತಿತ್ತು. ಅದನ್ನ ನಾನು ಕಲಿಸಿದ್ದಲ್ಲ.”

ಮುಂದಿನ ವಾರ ಕೆಲಸಗಾರರು ಬರುತ್ತಾರೆ. ಅಲ್ಲಿಯವರೆಗೆ ಬಕೆಟ್‌ಗಳು ಇರಲೇಬೇಕು. ಕೊನೆಯದನ್ನು ಕಪಾಟಿನ ಮೇಲೆ ಕೂರಿಸಿ ಅವರು ಸ್ಟೂಲಿನಿಂದ ಇಳಿಯುತ್ತಾರೆ. ಇನ್ನೇನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ, ಮೊದಲು ಒದ್ದೆ ಕೈ ಒರೆಸಿಕೊಳ್ಳುತ್ತಾರೆ.

“ಆ ಕುರ್ಚಿ ಬೇಕಿತ್ತು ನಂಗೆ. ಬರ್ಕೊಳ್ಳಿ, ಮುಚ್ಚಿಡೋದೇನಿದೆ? ಅವಳಿಗೆ ಸಿಕ್ತು, ಅದಕ್ಕೇ ಪುಸ್ತಕ ಉಳೀತು. ನಂಗೆ ಸಿಕ್ಕಿದ್ರೆ ಉಳೀತಿರ್ಲಿಲ್ಲ. ಹೊಟ್ಟೆ ಉರಿಯೋದು ಅದಕ್ಕೇ.”